ಟಾಂಟಿ ಉರ್ಸುಲಾಳ ಗುಡ್ ಮಾರ್ನಿಂಗ್

ಬೂಧ್ರಾಮನ ಅಂಗಡಿಯಲ್ಲಿ ದುಡ್ಡಿಲ್ಲದವನಿಗೆ ಸಾಮಾನು ಸಿಕ್ಕರೂ ಸಿಗಬಹುದಿತ್ತು, ಗುಡ್ ಮಾರ್ನಿಂಗ್ ಹೇಳದವನಿಗೆ ಮಾತ್ರ ಸಿಗುತ್ತಿರಲಿಲ್ಲ. ಇದು ಬೂಧ್ರಾಮ ಮಾಡಿದ ಕಾನೂನಲ್ಲ. ಅಂಗಡಿ ಅವನದೇ, ಸಾಲವೂ ಅವನದೇ, ಆದರೆ ಗಲ್ಲಾದ ಮುಂದೆ ಅವನ ಮಾತಿಗೆ ಮೂರು ಕಾಸಿನ ಬೆಲೆ ಇರಲಿಲ್ಲ. ಅಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದವಳು ಉರ್ಸುಲಾ ಕ್ವಾಮಿನಾ. ಟ್ರಿನಿಡಾಡಿನ ಪೂರ್ವಕ್ಕೆ, ಸಮುದ್ರದ ಕಡೆ ಹೋಗುವ ರಸ್ತೆಯ ಆ ಕೊನೆಯ ಜಂಕ್ಷನ್ನಿನಲ್ಲಿ ಅವಳು ಎಲ್ಲರಿಗೂ ಟಾಂಟಿ. ಟಾಂಟಿ ಅಂದರೆ ಅತ್ತೆ. ಹೆತ್ತ ಮಕ್ಕಳಿಲ್ಲದ, ಊರಿಗೆಲ್ಲ ಅತ್ತೆಯಾದ ಹೆಂಗಸು.

ಅವಳ ಕಾನೂನು ಸರಳ. ಹೊಸ್ತಿಲು ದಾಟಿದವನು ಗುಡ್ ಮಾರ್ನಿಂಗ್ ಅನ್ನಬೇಕು. ಸಾಲಿನಲ್ಲಿ ನಿಂತವರೆಲ್ಲ ತಿರುಗಿ ಗುಡ್ ಮಾರ್ನಿಂಗ್ ಅನ್ನಬೇಕು. ಕೊನೆಗೆ ಗಲ್ಲಾದಿಂದ ಅವಳು, ಬಂದವನ ಹೆಸರು ಹಿಡಿದು, ಗುಡ್ ಮಾರ್ನಿಂಗ್ ಅನ್ನುತ್ತಾಳೆ. ಹೆಸರು ಹಿಡಿಯುವುದು ಅವಳ ದೊಡ್ಡಸ್ತಿಕೆ. ಸುತ್ತ ನಾಲ್ಕು ಮೈಲಿಯ ಒಬ್ಬರ ಹೆಸರನ್ನೂ ಅವಳು ತಪ್ಪಿದ್ದು ಯಾರಿಗೂ ನೆನಪಿಲ್ಲ. ತಲೆಯೆತ್ತಿ ನೋಡಬೇಕಾಗಿಯೂ ಇರಲಿಲ್ಲ, ದನಿ ಕಿವಿಗೆ ಬಿದ್ದರೆ ಹೆಸರು ನಾಲಿಗೆಗೆ ಬರುತ್ತಿತ್ತು.

ಒಮ್ಮೆ ಪೋರ್ಟ್ ಆಫ್ ಸ್ಪೇನ್‌ನಿಂದ ಬಂದ ಇಂಜಿನಿಯರೊಬ್ಬ ಫೋನಿನಲ್ಲಿ ಮಾತಾಡುತ್ತಲೇ ಗಲ್ಲಾದ ಮೇಲೆ ಬಾಟಲಿ ಕುಕ್ಕಿದ್ದ. ಟಾಂಟಿ ಕೈಕಟ್ಟಿ ಕೂತಳು. ಹಿಂದೆ ಒಂಬತ್ತು ಜನ ನಿಂತಿದ್ದರು, ಅವರೂ ಕೈಕಟ್ಟಿದರು. ಏಳು ನಿಮಿಷ. ಕೊನೆಗೆ ಅವನು ಹಲ್ಲು ಕಡಿಯುತ್ತ ಆ ಎರಡು ಮಾತು ಉದುರಿಸಿದಾಗ ಒಂಬತ್ತು ಜನವೂ ಹಬ್ಬದಂತೆ ಉತ್ತರ ಕೊಟ್ಟರು. ನಗುವವರು ನಗಲಿ. ಮೂರು ತಿಂಗಳಿಗೊಂದು ಹೆಣ ಬೀಳುವ ಜಂಕ್ಷನ್ನಿನಲ್ಲಿ, ಎದುರಿಗೆ ಸಿಕ್ಕವನನ್ನು ಮನುಷ್ಯ ಅಂತ ಕಾಣುವುದಕ್ಕೆ ಜನರಿಗೆ ಉಳಿದಿದ್ದ ಜಾಗ ಅದೊಂದೇ.

ಆ ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಸಾಲಿನಲ್ಲಿ ಮೂವರಿದ್ದರು. ಮೊದಲು ಪಾಂಟಿನ್, ಎಪ್ಪತ್ತು ದಾಟಿದ ಹಳೆಯ ಬಸ್ ಡ್ರೈವರ್, ಕೈಯಲ್ಲಿ ಎರಡು ಬನ್ನು, ಬಾಯಲ್ಲಿ ದಿನಕ್ಕೊಂದು ಕೊಂಕು. ಅವನ ಹಿಂದೆ ರೊಟ್ಟಿ ಮಾರುವ ಜಸೋದ್ರಾ. ಅವಳ ಹಿಂದೆ ಬಡಗಿ ಲಿಂಟನ್. ಬೂಧ್ರಾಮ ಹಿಂದಿನ ಕೋಣೆಯಲ್ಲಿ ಮಚ್ಚಿನಿಂದ ಉಪ್ಪುಮೀನು ತುಂಡು ಮಾಡುತ್ತಿದ್ದ ಸದ್ದು ಕೇಳುತ್ತಿತ್ತು.

"ಟಾಂಟಿ, ನಾಳೆ ನಾನು ಸತ್ತೆ ಅಂತಿಟ್ಕೋ," ಅಂದ ಪಾಂಟಿನ್. "ನನ್ನ ಹೆಣ ನಿಂಗೆ ಗುಡ್ ಮಾರ್ನಿಂಗ್ ಅನ್ಲಿಲ್ಲ ಅಂದ್ರೆ ಹೂಳಕ್ಕಾದ್ರೂ ಬಿಡ್ತೀಯೋ ಇಲ್ವೋ?"

"ಹೆಣ ಹೇಳ್ಬೇಕಾಗಿಲ್ಲ ಬಿಡು. ನಾನೇ ಗುಂಡಿ ಹತ್ರ ನಿಂತು ಹೇಳ್ತೀನಿ. ಹೆಸರು ಹಿಡಿದೇ ಹೇಳ್ತೀನಿ."

"ಮಾತು ಕೊಟ್ಯಾ?"

"ಕೊಟ್ಟೆ ಕಣೋ ಮುದುಕ. ಮೊದ್ಲು ಸಾಯಿ," ಅಂದಳು ಟಾಂಟಿ, ತಕ್ಕಡಿಯ ಮೇಲಿನ ಬಟಾಣಿಯಿಂದ ಕಣ್ಣೆತ್ತದೆ. ಜಸೋದ್ರಾ ಸೆರಗಿನಲ್ಲಿ ನಕ್ಕಳು.

ಬಾಗಿಲ ಗಂಟೆ ಅಲ್ಲಾಡಿತು. ಯಾರೋ ಒಳಗೆ ಬಂದರು.

"ಗುಡ್ ಮಾರ್ನಿಂಗ್."

"ಗುಡ್ ಮಾರ್ನಿಂಗ್," ಎಂದಿತು ಸಾಲು.

"ಗುಡ್ ಮಾರ್ನಿಂಗ್, ಕೆರ್ಲನ್," ಎಂದಳು ಟಾಂಟಿ, ಬಟಾಣಿಯನ್ನು ಕಾಗದಕ್ಕೆ ಸುರಿಯುತ್ತ.

ಅಷ್ಟು ಹೇಳಿ ತಲೆಯೆತ್ತಿದಳು. ಬಾಗಿಲಲ್ಲಿ ಇಬ್ಬರು ನಿಂತಿದ್ದರು. ಇಬ್ಬರ ಮುಖಕ್ಕೂ ಕಣ್ಣಿನವರೆಗೆ ಕಪ್ಪು ಬಟ್ಟೆ, ಇಬ್ಬರ ಕೈಯಲ್ಲೂ ಪಿಸ್ತೂಲು. ಉದ್ದದವನ ಕೈ ಅರ್ಧಕ್ಕೆ ನಿಂತಿತ್ತು. ಬಟ್ಟೆಯ ಮೇಲಿನ ಕಣ್ಣುಗಳನ್ನು ಅವಳು ಎಲ್ಲಿ ಕಂಡರೂ ಗುರುತು ಹಿಡಿಯುತ್ತಿದ್ದಳು. ತಾಯಿ ಪಟ್ಟಣದಲ್ಲಿ ಮನೆಗೆಲಸಕ್ಕಿದ್ದಾಗ ನಾಲ್ಕನೇ ವರ್ಷದಿಂದ ಹನ್ನೆರಡರವರೆಗೆ ಆ ಹುಡುಗನಿಗೆ ಉಣ್ಣಿಸಿದವಳು ಅವಳೇ. ಹೊಸ್ತಿಲು ದಾಟಿ ಸುಮ್ಮನೆ ನಿಂತನೆಂದು ಒಂದು ದಿನ ಹನ್ನೊಂದು ಸಲ ಆಚೆ ಕಳಿಸಿ ಒಳಗೆ ಕರೆದು ಗುಡ್ ಮಾರ್ನಿಂಗ್ ಕಲಿಸಿದವಳೂ ಅವಳೇ. ಹತ್ತು ವರ್ಷದ ಹಿಂದೆ, ದನಿ ಒಡೆದ ಮೇಲೆ, ಪಟ್ಟಣಕ್ಕೆ ಹೋದವನು ಎಲ್ಲವನ್ನೂ ಮರೆತಿದ್ದ, ಇದೊಂದನ್ನು ಬಿಟ್ಟು. ಕಾಲು ಹೊಸ್ತಿಲು ದಾಟಿತು, ಬಾಯಿ ತಾನಾಗಿ ತೆರೆಯಿತು. ಇವಳ ಬಾಯಿಯೂ ಹಾಗೆಯೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಏನಂದ್ಲು?" ಅಂದ ಗಿಡ್ಡ. ಅವನ ಪಿಸ್ತೂಲು ಸೀದಾ ಅವಳ ಹಣೆಗೆ ತಿರುಗಿತು. "ಏನೋ ಹೆಸರು ಹೇಳಿದ್ಲಲ್ಲ ಈ ಮುದುಕಿ? ಯಾವ ಹೆಸರು?"

ಟಾಂಟಿಗೆ ಗೊತ್ತಿತ್ತು: ಹೆಸರು ಗೊತ್ತಿರುವವರನ್ನು ಅಂಥವರು ಉಳಿಸುವುದಿಲ್ಲ. ಅವಳೊಬ್ಬಳನ್ನೇ ಅಲ್ಲ, ಆ ಹೆಸರು ಕೇಳಿಸಿಕೊಂಡ ಮೂವರನ್ನೂ.

ನಕ್ಕವನು ಪಾಂಟಿನ್. ಬನ್ನು ಹಿಡಿದುಕೊಂಡೇ, ಬಸ್ಸಿನಲ್ಲಿ ಚಿಲ್ಲರೆ ಕೇಳುವವನಷ್ಟು ಸಲೀಸಾಗಿ.

"ಅಯ್ಯೋ, ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಪ್ಪ. ಅವಳಿಗೆ ಎಲ್ಲರೂ ಕೆರ್ಲನ್ನೇ. ಒಬ್ನೇ ಮಗ ಇದ್ದ, ಕೆರ್ಲನ್ ಅಂತ, ಸಮುದ್ರಕ್ಕೆ ಹೋದ. ಅವತ್ತಿಂದ ತಲೆ ಹೀಗೆ. ನಾನೂ ಕೆರ್ಲನ್, ಈ ಬಡಗೀನೂ ಕೆರ್ಲನ್. ಪಾದ್ರಿನೂ ಕೆರ್ಲನ್."

ಗಿಡ್ಡ ಪಿಸ್ತೂಲಿನ ಹಿಡಿಯಿಂದ ಅವನ ಬಾಯಿಗೇ ಹೊಡೆದ. ಹಲ್ಲು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. "ನಿನ್ನ ಯಾರು ಕೇಳಿದ್ರು? ನಗ್ತೀಯಾ? ನಗು ಈಗ." ಇನ್ನೊಂದು ಏಟು ಕಿವಿಯ ಮೇಲೆ ಬಿತ್ತು. ಪಾಂಟಿನ್ ಗಲ್ಲಾದ ಅಂಚು ಹಿಡಿದು ಮೊಣಕಾಲಿಗೆ ಕುಸಿದ. ಅವನ ಗಲ್ಲದಿಂದ ಇಳಿದ ರಕ್ತ ಬನ್ನಿನ ಮೇಲೆ ತೊಟ್ಟಿಕ್ಕಿತು.

"ನೀನು ಹೇಳೇ ಮುದುಕಿ," ಎಂದು ಗಿಡ್ಡ ಲಿಂಟನ್ನನ ಕಡೆ ಕೈ ಮಾಡಿದ. "ಇವನಿಗೆ ಹೇಳು ಗುಡ್ ಮಾರ್ನಿಂಗ್."

ಇಪ್ಪತ್ತಾರು ವರ್ಷ ಒಂದು ಹೆಸರೂ ತಪ್ಪದ ನಾಲಿಗೆ ಅದು. ಅದನ್ನು ತಿರುಚುವುದು ಅವಳಿಗೆ ಕೈ ಮುರಿದುಕೊಂಡಷ್ಟೇ ಕಷ್ಟವಾಯಿತು. ಮುಖದಲ್ಲೊಂದು ಪೆದ್ದು ನಗೆ ತಂದುಕೊಂಡು, "ಗುಡ್ ಮಾರ್ನಿಂಗ್, ಕೆರ್ಲನ್. ಊಟ ಆಯ್ತಾ ಮಗಾ?" ಅಂದಳು.

"ಗುಡ್ ಮಾರ್ನಿಂಗ್, ಟಾಂಟಿ. ಆಯ್ತು," ಅಂದ ಲಿಂಟನ್, ಬೆವರು ಒರೆಸದೆ.

ಗಿಡ್ಡ ಮೂರ್ಖನಲ್ಲ. ಇವರು ಮೂವರೂ ಕೇಳಿಸಿಕೊಂಡಿದ್ದಾರೆ, ನಾಟಕ ಆಡಬಲ್ಲರು. ಅವನು ಹಿಂದಿನ ಕೋಣೆಗೆ ನುಗ್ಗಿದ. ಏನೋ ಬಿದ್ದ ಸದ್ದು, ಒಂದು ಕೂಗು. ಬೂಧ್ರಾಮನ ಕೊರಳಪಟ್ಟಿ ಹಿಡಿದು ಎಳೆದು ತಂದ. ಬೂಧ್ರಾಮನ ತಲೆ ಒಡೆದು ರಕ್ತ ಎರಡೂ ಕಣ್ಣಿಗೆ ಇಳಿಯುತ್ತಿತ್ತು. ಹೊರಗೆ ಏನು ನಡೆದಿದೆ, ಯಾರು ಏನೆಂದರು, ಅವನಿಗೆ ಒಂದಿಷ್ಟೂ ಗೊತ್ತಿರಲಿಲ್ಲ.

"ಇವನಿಗೆ ಹೇಳು."

ಜಸೋದ್ರಾ ಕಣ್ಣು ಮುಚ್ಚಿಕೊಂಡಳು. ಬೂಧ್ರಾಮ ಎಂಥವನೆಂದು ಅವಳಿಗೆ ಗೊತ್ತಿತ್ತು. ಸಕ್ಕರೆ ಚೀಲ ಎಲ್ಲಿಡಬೇಕು ಅನ್ನುವುದಕ್ಕೂ ಟಾಂಟಿಯ ಜೊತೆ ಜಗಳವಾಡುವ ಆಸಾಮಿ. ಏನೇ ಇದು, ನನ್ನ ಹೆಸರು ಮರೆತ್ಯಾ ಅಂದುಬಿಟ್ಟರೆ ಐದು ಹೆಣ.

"ಗುಡ್ ಮಾರ್ನಿಂಗ್, ಕೆರ್ಲನ್," ಅಂದಳು ಟಾಂಟಿ.

ಬೂಧ್ರಾಮ ರಕ್ತದೊಳಗಿಂದ ಅವಳನ್ನು ನೋಡಿದ. ತೋಳಿನಿಂದ ಕಣ್ಣು ಒರೆಸಿಕೊಂಡ.

"ಗುಡ್ ಮಾರ್ನಿಂಗ್, ಟಾಂಟಿ," ಅಂದ.

ಯಾಕೆ ಹಾಗೆಂದೆ ಅಂತ ಆಮೇಲೆ ಟಾಂಟಿ ಕೇಳಿದ್ದಕ್ಕೆ ಬೂಧ್ರಾಮ ಸಿಟ್ಟಿನಿಂದಲೇ ಹೇಳಿದ: "ಯಾಕೆ ಅಂದ್ರೆ? ನೀನು ಗುಡ್ ಮಾರ್ನಿಂಗ್ ಅಂದೆ, ನಾನೂ ಅಂದೆ. ಹೆಸರು ತಪ್ಪಿದ್ರೆ ತಪ್ಪಲಿ, ಉತ್ತರ ಕೊಡ್ದೇ ಇದ್ರೆ ನೀನು ಬಿಡ್ತಿದ್ಯಾ?"

ಗಿಡ್ಡ ನಂಬಿದ. ನಂಬಿ ನಗಾಡಿದ ಕೂಡ. ಗಲ್ಲಾ ಬಳಿದು ಚೀಲಕ್ಕೆ ಹಾಕಿಕೊಂಡ. ಅಲ್ಲಿಗೆ ಮುಗಿಯಬೇಕಿತ್ತು. ಬಾಗಿಲ ಹತ್ತಿರ ಹೋದವನು ಉದ್ದದವನ ಕಡೆ ತಿರುಗಿ, ನೆಲದಲ್ಲಿ ಕೂತು ಬಾಯಿ ಒರೆಸಿಕೊಳ್ಳುತ್ತಿದ್ದ ಪಾಂಟಿನ್‌ನನ್ನು ತೋರಿಸಿದ.

"ಈ ಮುದುಕಂಗೆ ಬಾಯಿ ಜಾಸ್ತಿ. ನೀನು ಬಂದಾಗಿಂದ ಮರದ ಗೊಂಬೆ ಥರ ನಿಂತಿದ್ದೀಯ. ಮುಗ್ಸು ಅವನನ್ನ. ಕೈ ಆಡುತ್ತಾ ಇಲ್ವಾ ನೋಡೋಣ."

ಉದ್ದದವನು ಪಾಂಟಿನ್‌ನನ್ನು ನೋಡಿದ. ಶಾಲೆಗೆ ಹೋಗುವಾಗ ಅವನ ಬಸ್ಸಿನಲ್ಲಿ ಟಿಕೆಟ್ ಇಲ್ಲದೆ ಕೂತ ದಿನಗಳಿದ್ದವು. ಈಗಷ್ಟೇ ಅವನ ಹೆಸರನ್ನು ತನ್ನ ಹಲ್ಲು ಕೊಟ್ಟು ಮುಚ್ಚಿದವನು ಆ ಮುದುಕ. ಟಾಂಟಿಗೆ ಅನ್ನಿಸಿತು, ಇಲ್ಲ, ಇವನು ಹೊಡೆಯುವುದಿಲ್ಲ, ನನ್ನ ಕೈಯ ಅನ್ನ ತಿಂದವನು.

ಅವನು ಎರಡು ಗುಂಡು ಹೊಡೆದ. ಒಂದು ಹೊಟ್ಟೆಗೆ, ಒಂದು ಕೊರಳಿಗೆ.

ಪೊಲೀಸರು ಬಂದರು. ಸಾರ್ಜೆಂಟ್ ಒಬ್ಬೊಬ್ಬರನ್ನೇ ಕರೆದು, ಹೆಸರು ಹೇಳಿ, ನನ್ನ ಹೊಟ್ಟೇಲೇ ಇರುತ್ತೆ ಅಂದ. ಅವನ ಹೊಟ್ಟೆಯಲ್ಲಿದ್ದದ್ದು ಅವನ ಚಹಾ ಆರುವುದರೊಳಗೆ ಗಿಡ್ಡನ ಕಿವಿ ತಲುಪುತ್ತದೆಂದು ಮಕ್ಕಳಿಗೂ ಗೊತ್ತಿತ್ತು. ಮುಖ ಮುಚ್ಚಿಕೊಂಡಿದ್ದರು, ಗೊತ್ತಾಗಲಿಲ್ಲ, ಎಂದರು ಮೂವರೂ. ಟಾಂಟಿಯೂ ಹಾಗೇ ಅಂದಳು. ಹೇಳುವಾಗ ಅವಳ ಚಪ್ಪಲಿಗೆ ಪಾಂಟಿನ್‌ನ ರಕ್ತ ಇನ್ನೂ ಅಂಟಿತ್ತು.

ಗಿಡ್ಡನ ಕಡೆಯ ಹುಡುಗರು ಮಾರನೆಯ ದಿನವೇ ಎದುರಿನ ಕಟ್ಟೆಯಲ್ಲಿ ಬಂದು ಕೂತರು. ಮುದುಕಿಗೆ ನಿಜವಾಗಿಯೂ ತಲೆ ಕೆಟ್ಟಿದೆಯೋ ಇಲ್ಲವೋ ನೋಡುವುದಕ್ಕೆ. ಹಾಗಾಗಿ ಟಾಂಟಿ ಹುಚ್ಚಿಯಾದಳು. ಬಂದವರೆಲ್ಲರಿಗೂ ಗುಡ್ ಮಾರ್ನಿಂಗ್ ಕೆರ್ಲನ್, ಗುಡ್ ಮಾರ್ನಿಂಗ್ ಕೆರ್ಲನ್. ಜಂಕ್ಷನ್ನಿನ ಜನರ ಬಗ್ಗೆ ನಾನು ಬೇಕಾದಷ್ಟು ಕೆಟ್ಟದ್ದು ಹೇಳಬಲ್ಲೆ, ಆದರೆ ಆ ಒಂದು ವಾರ ಒಬ್ಬರೂ ತಮ್ಮ ಹೆಸರು ಅದಲ್ಲ ಅನ್ನಲಿಲ್ಲ. ಗಡ್ಡ ನೆರೆತವರು, ಮೊಮ್ಮಕ್ಕಳನ್ನು ಕಂಡವರು, ಎಲ್ಲರೂ ಗುಡ್ ಮಾರ್ನಿಂಗ್ ಟಾಂಟಿ ಅಂದು ಚೀಲ ಎತ್ತಿಕೊಂಡು ಹೋದರು. ಕೊಂದವನ ಹೆಸರನ್ನು ಊರಿನವರೆಲ್ಲ ಒಂದೊಂದು ಸಲ ಹೊತ್ತರು. ಅವಳಿಗೆ ಅದು ಹೇಸಿಗೆಯಾಗುತ್ತಿತ್ತು. ಒಂದೊಂದು ಸಲ ಹೇಳಿದಾಗಲೂ ಬಾಯಿ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಅದನ್ನೂ ತಡೆದುಕೊಳ್ಳುತ್ತಿದ್ದಳೇನೋ. ಆದರೆ ಗುರುವಾರ ಪಾಂಟಿನ್‌ನನ್ನು ಹೂತರು. ಗುಂಡಿಯ ಹತ್ತಿರ ಅವಳ ಸರದಿ ಬಂತು. ಸ್ಮಶಾನದ ಗೋಡೆಯ ಮೇಲೆ ಆ ಹುಡುಗರಲ್ಲೊಬ್ಬ ಕಾಲು ಇಳಿಬಿಟ್ಟು ಕೂತಿದ್ದ. ಅವಳು ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಕೊಟ್ಟ ಮಾತು ನಾಲಿಗೆಯ ತುದಿಯಲ್ಲಿತ್ತು. ಗೋಡೆಯ ಕಡೆ ನೋಡಿದಳು, ಪಕ್ಕದಲ್ಲಿ ನಿಂತ ಜಸೋದ್ರಾಳ ಮೂರು ಮಕ್ಕಳನ್ನು ನೋಡಿದಳು.

"ಗುಡ್ ಮಾರ್ನಿಂಗ್, ಕೆರ್ಲನ್," ಎಂದು ಪಾಂಟಿನ್‌ನ ಮೇಲೆ ಮಣ್ಣು ಹಾಕಿದಳು.

ಮನೆಗೆ ಬಂದು ಅವಳು ಅಳಲಿಲ್ಲ. ಸಿಟ್ಟು ಬಂದಿತ್ತು. ಎಂಥ ಸಿಟ್ಟು ಅಂದರೆ ಕೈಗೆ ಸಿಕ್ಕ ಪಾತ್ರೆಯನ್ನು ಗೋಡೆಗೆ ಹೊಡೆದಳು, ಅದು ನಜ್ಜುಗುಜ್ಜಾಗುವವರೆಗೆ ಹೊಡೆದಳು. ಕೆರ್ಲನ್ ಮೇಲೆ, ಗಿಡ್ಡನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ನಾಲಿಗೆಯ ಮೇಲೆ.

ಎರಡು ದಿನ ಕಳೆದು ಶನಿವಾರ, ಬೆಳಿಗ್ಗೆ ಹತ್ತಕ್ಕೆ, ಸಾಲು ಬಾಗಿಲವರೆಗೆ ಬೆಳೆದಿತ್ತು. ಹೊರಗೆ ಒಂದು ಕಾರು ಇಂಜಿನ್ ನಿಲ್ಲಿಸದೆ ನಿಂತಿತು. ಗಂಟೆ ಅಲ್ಲಾಡಿತು.

"ಗುಡ್ ಮಾರ್ನಿಂಗ್," ಅಂತು ಆ ದನಿ.

ಸಾಲು ಉತ್ತರ ಕೊಡಲಿಲ್ಲ. ಮುಖ ಬಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೆರ್ಲನ್ ಒಂದು ಗಟ್ಟಿ ಹಾಲಿನ ಡಬ್ಬಿ ಎತ್ತಿಕೊಂಡ. ಅಂಗಿಯ ಕೆಳಗೆ ಸೊಂಟದಲ್ಲಿ ಉಬ್ಬಿದ್ದು ಎಲ್ಲರಿಗೂ ಕಾಣುತ್ತಿತ್ತು. ಸಾಲು ಗಲ್ಲಾದವರೆಗೆ ದಾರಿ ಬಿಟ್ಟಿತು. ಎಲ್ಲರಿಗಿಂತ ಮುಂದೆ ಬೇಡವೆಂದು ತಲೆಯಾಡಿಸಿ ಅವನು ಮೂವರ ಹಿಂದೆ ನಾಲ್ಕನೆಯವನಾಗಿ ನಿಂತ. ಮುದುಕಿಯ ಹುಚ್ಚು ಖರೆಯೋ ನೋಡಿಕೊಂಡು ಬಾ ಅಂತ ಅವನನ್ನೇ ಕಳಿಸಿದ್ದರು.

ಮೊದಲು ಜಸೋದ್ರಾ ಇದ್ದಳು. ಹಿಟ್ಟಿನ ಚೀಲ ಗಲ್ಲಾದ ಮೇಲಿಟ್ಟು, "ಗುಡ್ ಮಾರ್ನಿಂಗ್, ಟಾಂಟಿ," ಅಂದಳು.

ಟಾಂಟಿ ಅವಳ ಮುಖ ನೋಡಿದಳು.

"ಗುಡ್ ಮಾರ್ನಿಂಗ್, ಜಸೋದ್ರಾ."

ಬೂಧ್ರಾಮನ ಕೈಯಿಂದ ತೂಕದ ಕಲ್ಲು ಜಾರಿ ಬಿತ್ತು. ಜಸೋದ್ರಾ ಕಣ್ಣಿನಲ್ಲೇ ಬೇಡ, ಬೇಡ ಅಂದಳು. ಟಾಂಟಿ ಚಿಲ್ಲರೆ ಕೊಟ್ಟಳು. "ಮಕ್ಕಳ್ನ ಎಲ್ಲಿ ಬಿಟ್ಟು ಬಂದೆ?"

"ತಂಗಿ ಮನೇಲಿ. ದೂರ ಇದ್ದಾರೆ," ಅಂದಳು ಜಸೋದ್ರಾ. ಹಿಟ್ಟು ತೆಗೆದುಕೊಂಡಳು. ಆದರೆ ಹೊರಗೆ ಹೋಗಲಿಲ್ಲ, ಗೋಡೆಗೆ ಒರಗಿ ನಿಂತಳು.

"ಗುಡ್ ಮಾರ್ನಿಂಗ್, ಲಿಂಟನ್," ಅಂದಳು ಟಾಂಟಿ ಮುಂದಿನವನಿಗೆ, ಅವನು ಬಾಯಿ ತೆರೆಯುವ ಮೊದಲೇ. ಲಿಂಟನ್ ದುಡ್ಡು ಕೊಟ್ಟು ಜಸೋದ್ರಾಳ ಪಕ್ಕ ನಿಂತ. ಮೂರನೆಯವಳು ಶಾಲೆಯ ಅಡುಗೆಯವಳು. "ಗುಡ್ ಮಾರ್ನಿಂಗ್, ಹಯಸಿಂತ್." ಅವಳೂ ಹೋಗಲಿಲ್ಲ. ಒಂದು ವಾರ ಒಳಗೆ ಕೊಳೆಯುತ್ತಿದ್ದ ಹೆಸರುಗಳು ಒಂದೊಂದಾಗಿ ಸ್ವಂತದವರ ಕೈಗೆ ವಾಪಸು ಹೋಗುತ್ತಿದ್ದವು.

ಕೆರ್ಲನ್ ಗಲ್ಲಾದ ಮುಂದೆ ಬಂದ. ಡಬ್ಬಿಯನ್ನು ಮೆಲ್ಲಗೆ ಇಟ್ಟ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು.

"ಗುಡ್ ಮಾರ್ನಿಂಗ್, ಟಾಂಟಿ." ಆಮೇಲೆ ಅವಳಿಗಷ್ಟೇ ಕೇಳಿಸುವಂತೆ, "ಬೇರೆ ಹೆಸರು ಹೇಳು ಟಾಂಟಿ. ಯಾವುದಾದ್ರೂ ಹೇಳು. ಪೀಟರ್ ಅನ್ನು. ಹೊರಗೆ ಕಾರಲ್ಲಿ ಆ ಗಿಡ್ಡ ಕೂತಿದ್ದಾನೆ, ನಂದೂ ಸರಿಯಾಗಿ ಹೇಳಿದ್ರೆ ನಿನ್ನ ಉಳಿಸಲ್ಲ. ಹುಚ್ಚಿ ಅಂತ ಹೇಳ್ಬಿಟ್ಟು ಹೋಗ್ತೀನಿ, ಮತ್ತೆ ಯಾವತ್ತೂ ಬರಲ್ಲ."

"ಪಾಂಟಿನ್ ನಿನ್ನ ಉಳಿಸಿದ್ದ ಕಣೋ."

"ಗೊತ್ತು."

"ಗೊತ್ತಿದ್ದೂ ಹೊಡೆದ್ಯಲ್ಲೋ."

ಪಿಸ್ತೂಲು ಬಂತು. ಅದರ ತುದಿ ಅವಳ ಹಣೆಗೆ ತಾಗಿತು. ತಣ್ಣಗಿತ್ತು. "ಹೇಳು ಟಾಂಟಿ, ಕಾಲಿಗೆ ಬೀಳ್ತೀನಿ, ಬೇರೆ ಯಾವುದಾದ್ರೂ ಹೇಳು!"

"ದೀಕ್ಷಾಸ್ನಾನದ ದಿನ ಪಾದ್ರಿ ಕೇಳ್ದಾಗ ನಿನ್ನ ತೊಡೆ ಮೇಲೆ ಹಾಕ್ಕೊಂಡು ಹೆಸರು ಹೇಳಿದವಳು ನಾನು. ಇಟ್ಟಿದ್ದು ಒಂದೇ ಹೆಸರು. ಇನ್ನೊಂದು ನನ್ನ ಹತ್ರ ಇಲ್ಲ." ಟಾಂಟಿ ಉಸಿರೆಳೆದುಕೊಂಡು, ಬಾಗಿಲಾಚೆಗೂ ಕೇಳಿಸುವಂತೆ ಅಂದಳು: "ಗುಡ್ ಮಾರ್ನಿಂಗ್, ಕೆರ್ಲನ್."

"ಗುಡ್ ಮಾರ್ನಿಂಗ್, ಕೆರ್ಲನ್," ಅಂದಳು ಗೋಡೆಯ ಹತ್ತಿರದಿಂದ ಜಸೋದ್ರಾ.

"ಗುಡ್ ಮಾರ್ನಿಂಗ್, ಕೆರ್ಲನ್," ಅಂದ ಲಿಂಟನ್. ಹಯಸಿಂತ್ ಅಂದಳು. ಹಿಂದೆ ಸಾಲಿನಲ್ಲಿದ್ದವರು ಒಬ್ಬರಾದ ಮೇಲೆ ಒಬ್ಬರು, ತಮ್ಮ ಸರದಿಗೆ ಕಾದು, ಅಂದರು. ಹೊರಗಿನ ಕಾರು ಕಿರುಚಿಕೊಂಡು ಹೊರಟುಹೋಯಿತು.

ಕೆರ್ಲನ್ ಒಂದು ಕ್ಷಣ ಬಾಗಿಲ ಕಡೆ ತಿರುಗಿದ. ಅಷ್ಟು ಸಾಕಾಯಿತು. ಬೂಧ್ರಾಮನ ಉಪ್ಪುಮೀನಿನ ಮಚ್ಚು ಅವನ ಮುಂಗೈಯ ಮೇಲೆ ಬಿತ್ತು. ಗುಂಡು ಹಾರಿ ಟಾಂಟಿಯ ಕಿವಿಯ ಹಾಲೆಯನ್ನು ಕಿತ್ತುಕೊಂಡು ಹಿಂದಿನ ಸಕ್ಕರೆಯ ಚೀಲಕ್ಕೆ ಹೊಕ್ಕಿತು. ಪಿಸ್ತೂಲು ನೆಲಕ್ಕೆ ಬಿತ್ತು.

ಆಮೇಲೆ ನಡೆದದ್ದನ್ನು ಆ ಸಾಲಿನವರು ಯಾರೂ ಮನೆಯಲ್ಲಿ ಹೇಳಿಲ್ಲ. ನಾನು ಹೇಳುತ್ತೇನೆ. ಲಿಂಟನ್ ಅವನದೇ ಹಾಲಿನ ಡಬ್ಬಿ ಎತ್ತಿ ಅವನ ಮುಖಕ್ಕೆ ಹೊಡೆದ, ಹೊಡೆದು ಪಕ್ಕಕ್ಕೆ ಸರಿದು ಹಿಂದಿನವನಿಗೆ ಜಾಗ ಮಾಡಿಕೊಟ್ಟ. ಹಿಂದಿನವನು ಹೊಡೆದು ಅವನ ಹಿಂದಿನವಳಿಗೆ ಜಾಗ ಕೊಟ್ಟ. ಹಯಸಿಂತ್ ಬಾಟಲಿಯಲ್ಲಿ ಹೊಡೆದಳು. ಒಬ್ಬ ಅಜ್ಜಿ, ಕೋಲೂರಿಕೊಂಡು ಬಂದವಳು, ಮುಂದೆ ಬರುವುದಕ್ಕೆ ಕಷ್ಟಪಡುತ್ತಿದ್ದಾಗ ಇಬ್ಬರು ಅವಳ ತೋಳು ಹಿಡಿದು ಕರೆತಂದರು. ಅವಳು ಕೋಲೆತ್ತಿ ಬಾಯಿಯ ಮೇಲೆ ಹೊಡೆದಳು. ನೂಕಾಟವಿಲ್ಲ, ಕೂಗಾಟವಿಲ್ಲ. ಇಪ್ಪತ್ತಾರು ವರ್ಷ ಟಾಂಟಿ ಕಲಿಸಿದ ಮರ್ಯಾದೆಯಲ್ಲೇ ಹೊಡೆದರು.

"ಸಾಕು! ಸಾಕ್ರೋ! ಸತ್ತೋಗ್ತಾನೆ!" ಎಂದು ಟಾಂಟಿ ಕೂಗುತ್ತಿದ್ದಳು. ಯಾರೂ ಕೇಳಲಿಲ್ಲ. ಅವಳು ಗಲ್ಲಾ ಬಿಟ್ಟು ಎದ್ದು, ಕಿವಿಯಿಂದ ಕುತ್ತಿಗೆಗೆ ರಕ್ತ ಹರಿಯುತ್ತಿದ್ದಂತೆಯೇ, ಅವನ ಮೇಲೆ ಅಡ್ಡ ಬಿದ್ದಳು. ಎರಡು ಏಟು ಅವಳ ಬೆನ್ನಿಗೇ ಬಿತ್ತು. ಆಗ ನಿಂತರು. ಅವಳ ಎದೆಯ ಕೆಳಗೆ ಅವನು ಉಸಿರಾಡುತ್ತಿದ್ದ, ಗೊರ ಗೊರ ಅಂತ.

ಸಾರ್ಜೆಂಟ್ ಬಂದಾಗ ಜನ ಮತ್ತೆ ಸಾಲಿನಲ್ಲಿ ನಿಂತಿದ್ದರು, ಕೈಯಲ್ಲಿ ಅವರವರ ಸಾಮಾನು. ಕೆಲವು ಡಬ್ಬಿಗಳು ತಗ್ಗಾಗಿದ್ದವು. ನೆಲದ ಮೇಲೆ ಟಾಂಟಿ ಕೂತಿದ್ದಳು. ಅವಳ ತೊಡೆಯ ಮೇಲಿದ್ದ ತಲೆಯಲ್ಲಿ ಮುಖ ಅನ್ನುವುದು ಉಳಿದಿರಲಿಲ್ಲ. ಕಣ್ಣೆಲ್ಲಿ, ಬಾಯೆಲ್ಲಿ ತಿಳಿಯುವಂತಿರಲಿಲ್ಲ.

"ಯಾರಿದು?" ಅಂದ ಸಾರ್ಜೆಂಟ್. ಸಾಲನ್ನು ನೋಡಿದ. ಬೂಧ್ರಾಮ ಮಚ್ಚು ಒರೆಸುತ್ತಿದ್ದ. ಜಸೋದ್ರಾ ನೆಲ ನೋಡುತ್ತಿದ್ದಳು. "ಗುರುತು ಹಿಡಿಯಕ್ಕೆ ಏನಾದ್ರೂ ಬಿಟ್ಟಿದ್ದೀರಾ ನೀವು? ಯಾರಿಗಾದ್ರೂ ಗೊತ್ತಾ ಇವನ್ಯಾರು ಅಂತ?"

ಟಾಂಟಿ ತನ್ನ ಲಂಗದ ಅಂಚಿನಿಂದ ಅವನ ಮೂಗಿನ ರಕ್ತ ಒರೆಸಿದಳು. ಮಗುವಿಗೆ ಸಿಂಬಳ ಒರೆಸುವ ಹಾಗೆ.

"ಬರ್ಕೊಳ್ಳಿ," ಅಂದಳು. "ಕೆರ್ಲನ್ ಅಗಸ್ಟಸ್ ಅಲೇನ್. ನಾನಿಟ್ಟ ಹೆಸರು."